ಗೀರಲ್ಲ, ವಳ್ಳೂರು ಸಾಕಮ್ಮ

ಮಧುಗಿರಿ

ವಿಯೆನ್ನಾಕ್ಕೆ ನನ್ನನ್ನು ಕರೆದದ್ದು ಬೇರೆಯವರ ವಾದ ಕೇಳುವುದಕ್ಕೆ. ಬ್ಯಾಗಿನಲ್ಲಿ ನಾನು ಹೊತ್ತುಕೊಂಡು ಹೋದದ್ದು ನಮ್ಮ ಮನೆಯ ಜಗಳ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಶೋಕೇಸಿನಲ್ಲಿ ಹಿಡಿಸದೆ ಅಟ್ಟ ಸೇರಿವೆ. ಈಗ ಬೇರೆಯವರು ವಾದಿಸುತ್ತಾರೆ, ನಾನು ಅಂಕ ಹಾಕುತ್ತೇನೆ. ವಿಯೆನ್ನಾದಲ್ಲಿ ನಡೆಯುವ ವಿದ್ಯಾರ್ಥಿಗಳ ಸ್ಪರ್ಧೆಯೊಂದಕ್ಕೆ ತೀರ್ಪುಗಾರರು ಬೇಕಾಗಿದ್ದರು, ಅವರೇ ಟಿಕೆಟ್ ಕಳಿಸಿದರು, ಹೋದೆ. ನನ್ನ ಹೆಸರು ಸಹನಾ. ಹೆಸರಿಡುವಾಗ ನಮ್ಮಪ್ಪನಿಗೆ ನನ್ನ ಬಾಯಿಯ ಪರಿಚಯ ಇರಲಿಲ್ಲ.

ಎರಡನೆಯದು ಕ್ಯಾಮೆರಾ. ನಮ್ಮ ತಾತ ಮಧುಗಿರಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದವರು. ಈಗ ಅದನ್ನು ರಂಗ ಚಿಕ್ಕಪ್ಪ ನಡೆಸುತ್ತಾರೆ. ತಾತನ ಕಾಲದ ಜರ್ಮನ್ ಕ್ಯಾಮೆರಾವೊಂದು ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ಕರ್ಪೂರದ ವಾಸನೆಯಲ್ಲಿ ಮಲಗಿತ್ತು. ರೇಂಜ್‌ಫೈಂಡರ್ ಎನ್ನುವ ಜಾತಿಯದು. ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿಗಿರುವ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸ್ ತಿರುಗಿಸುತ್ತಾ ಹೋದರೆ ಇಬ್ಬರೂ ಹತ್ತಿರ ಸರಿದು ಒಬ್ಬನೇ ಆಗುತ್ತಾರೆ. ಆಗ ಚಿತ್ರ ಸ್ಪಷ್ಟ ಎಂದು ಅರ್ಥ. ಅಜ್ಜಿ ಅದನ್ನು 'ಜೋಡಿ ಕೂಡ್ಸೋ ಕ್ಯಾಮ್ರ' ಅನ್ನುತ್ತಿದ್ದರು. ಹೆಣ್ಣುಗಂಡು ನೋಡಿ ಸಂಬಂಧ ಕುದುರಿಸುವವರಿಗೂ ಅದೇ ಮಾತು.

ಇಂಥ ಕ್ಯಾಮೆರಾಗಳು ಯುರೋಪಿನ ಹರಾಜುಗಳಲ್ಲಿ ಬಂಗಾರದ ಹಾಗೆ ಮಾರಾಟವಾಗುತ್ತವೆ ಎಂದು ಚಿಕ್ಕಪ್ಪ ಫೋನಿನಲ್ಲಿ ನೋಡಿದರು. ಅವರಿಗೆ ಡ್ರೋನ್ ಬೇಕಾಗಿತ್ತು. ಅದಿಲ್ಲದ್ದಕ್ಕೆ ಕೊರಟಗೆರೆಯ ಮದುವೆಯೊಂದು ಕೈತಪ್ಪಿತ್ತು.

"ರಾಯಚರ್ಲು ಕಡೆ ಸೋಲಾರ್ ಪಾರ್ಕ್‌ನೋರೂ ಮೇಲಿಂದ್ಲೇ ಪಟ ತೆಗೀಬೇಕು ಅಂತಾರೆ ಕಣಮ್ಮ. ಕೆಳಗೆ ನಿಂತ್ಕಂಡು ತೆಗ್ಯೋನು ಈಗ ಯಾರಿಗ್ ಬೇಕು? ನೀನು ಹೆಂಗಿದ್ರೂ ಹೋಯ್ತಿದ್ದೀಯ. ಕೊಟ್ಬುಟ್ಟು ಬಂದ್ಬುಡು."

ಅಪ್ಪ ಬೇಡ ಅಂದರು, ತಾತನ ನೆನಪು ಅಂದರು. ಅಮ್ಮ ಚಿಕ್ಕಪ್ಪನ ಕಡೆ ನಿಂತರು. ನಾನು ಎರಡೂ ಕಡೆಯ ವಾದದಲ್ಲಿರುವ ತೂತುಗಳನ್ನು ತೋರಿಸಿದೆ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ. ಅಜ್ಜಿ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಒಂದು ಮಾತು ಆಡಿದರು: "ಎಲ್ಲಿಗಾನ ಒಯ್ಕಳ್ಳಿ. ಅದ್ರು ಮೇಲೆ ನನ್ನೆಸ್ರೈತೆ."

ಇದ್ದದ್ದು ನಿಜ. ಕ್ಯಾಮೆರಾದ ಮೇಲಿನ ತಗಡಿನಲ್ಲಿ, ಕಂಪನಿಯ ಹೆಸರು ಮತ್ತು ನಂಬರಿನ ಪಕ್ಕದಲ್ಲೇ, ಚುಕ್ಕೆ ಚುಕ್ಕೆಯಾಗಿ ಕನ್ನಡದಲ್ಲಿ 'ವಳ್ಳೂರು ಸಾಕಮ್ಮ' ಎಂದು ಹೊಡೆಸಿತ್ತು. ಅಜ್ಜಿಯ ತವರು ಪಾವಗಡದ ಹತ್ತಿರದ ವಳ್ಳೂರು, ಕುರಿ ಕಾಯುವವರ ಮನೆ. ಮದುವೆಯ ಮಾತುಕತೆಯಲ್ಲಿ ಅಳಿಯನಿಗೆ ಏನು ಬೇಕು ಎಂದು ಕೇಳಿದರಂತೆ. ಆಗ ಇನ್ನೊಬ್ಬರ ಸ್ಟುಡಿಯೊದಲ್ಲಿ ಕೈಕೆಲಸಕ್ಕಿದ್ದ ತಾತ ವಾಚು ಬೇಡ, ಸೈಕಲ್ ಬೇಡ, ಕ್ಯಾಮೆರಾ ಅಂದರಂತೆ. ಅಜ್ಜಿಯ ಅಪ್ಪ ಕುರಿ ಮಾರಿ ಶಿರಾದ ಸಾಬರೊಬ್ಬರ ಹಳೇ ಸಾಮಾನಿನ ಅಂಗಡಿಯಿಂದ ಇದನ್ನು ತಂದರು. ತಂದವರು ಕೊಳಗ, ತಪ್ಪಲೆ, ಹರಿವಾಣಗಳ ಜೊತೆ ಇದನ್ನೂ ಪಾತ್ರೆ ಅಂಗಡಿಗೆ ಕಳಿಸಿ ಮಗಳ ಹೆಸರು ಹಾಕಿಸಿದರು. ತವರಿನಿಂದ ಹೋಗುವ ಸಾಮಾನಿಗೆಲ್ಲ ಹೆಸರು ಹಾಕಿಸಬೇಕು, ಹಾಕಿಸಿದರು. ಹಾಲಿನ ತಂಬಿಗೆಗೂ ಕ್ಯಾಮೆರಾಕ್ಕೂ ಅವರು ಭೇದ ಮಾಡಲಿಲ್ಲ.

ಮುದುಕಿಗೆ ಹೆಸರಿನ ಮೋಹ ಎಂದು ನಾವೆಲ್ಲ ನಕ್ಕೆವು. ಮುಂದೆ ಯಾರೂ ಏನೂ ಕೇಳಲಿಲ್ಲ.

ನಡುದಾರಿಯ ವಿಮಾನ ನಿಲ್ದಾಣ

ವಿಮಾನ ಬದಲಿಸುವ ಊರಿನಲ್ಲಿ ತಪಾಸಣೆಯವನು ಕ್ಯಾಮೆರಾವನ್ನು ಬೆಳಕಿಗೆ ಹಿಡಿದು, ತಿರುಗಿಸುವ ಗುಂಡಿಯ ಸಂದಿಯಿಂದ ಕೆಂಪು ಪುಡಿಯನ್ನು ಉಗುರಿನಲ್ಲಿ ಕೆರೆದು ತೆಗೆದ. ಪ್ರತಿ ಆಯುಧಪೂಜೆಗೂ ಹಚ್ಚಿದ ಕುಂಕುಮ ಅದು. ಒರೆಸಿದಷ್ಟು ಹೋಗಿತ್ತು, ಉಳಿದದ್ದು ಉಳಿದಿತ್ತು.

"ಇದೇನು?"

"ಪುಡಿ. ಪೂಜೆ ಮಾಡಿದ್ದು."

"ಯಂತ್ರಕ್ಕೆ ಪೂಜೆ ಮಾಡುತ್ತೀರಾ?"

"ನಾನು ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಮಾಡುತ್ತಾರೆ."

ನಂಬಿಕೆಯಿಲ್ಲದವಳು ನಂಬಿಕೆಯುಳ್ಳವರ ಪರವಾಗಿ ವಕಾಲತ್ತು ಮಾಡುವುದು ಕಷ್ಟದ ಕೆಲಸ. ಆಯುಧ ಎನ್ನುವ ಪದವನ್ನು ಆ ಜಾಗದಲ್ಲಿ ಇಂಗ್ಲಿಷಿಗೆ ತಿರುಗಿಸಬಾರದು ಎನ್ನುವಷ್ಟು ಬುದ್ಧಿ ಮಾತ್ರ ಇತ್ತು. ಅವನು ಬಟ್ಟೆಯ ಚೂರಿನಲ್ಲಿ ಪುಡಿ ಒರೆಸಿ ಯಾವುದೋ ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆ ಯೋಚಿಸಿತು. ಸ್ಫೋಟಕವಲ್ಲ ಎಂದು ತೀರ್ಪು ಬಂತು. ಅವನು ಕ್ಯಾಮೆರಾ ವಾಪಸು ಕೊಡುವಾಗ, ಯಾಕೋ ಗೊತ್ತಿಲ್ಲ, ಎರಡೂ ಕೈಯಲ್ಲಿ ಕೊಟ್ಟ.

ವಿಯೆನ್ನಾ, ಬೀದಿಗಳು

ಈ ಊರಿನವರು ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಎಡಕ್ಕೆ ನೋಡಿದರೆ ವಾಹನ ಇಲ್ಲ, ಬಲಕ್ಕೆ ನೋಡಿದರೆ ಇಲ್ಲ, ಆದರೂ ಹತ್ತು ಜನ ದೇವರ ಮುಂದೆ ನಿಂತ ಹಾಗೆ ನಿಂತಿರುತ್ತಾರೆ. ಮೊದಲ ಬೆಳಿಗ್ಗೆ ನಾನು ಮಧುಗಿರಿಯ ಅಭ್ಯಾಸದಂತೆ ದಾಟಿಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ಏನೋ ಕೂಗಿದರು. ಜರ್ಮನ್ ಬರದಿದ್ದರೂ ಅರ್ಥವಾಯಿತು. ಬೈಗುಳಕ್ಕೆ ವ್ಯಾಕರಣ ಬೇಕಾಗಿಲ್ಲ.

ಟ್ರಾಮಿನಲ್ಲಿ ಯಾರೂ ಮಾತಾಡುವುದಿಲ್ಲ. ನಾಯಿಗಳಿಗೂ ಬಾಯಿಗೆ ಬುಟ್ಟಿ ಕಟ್ಟಿರುತ್ತಾರೆ, ಮನುಷ್ಯರು ಬುಟ್ಟಿಯಿಲ್ಲದೆಯೇ ಅಷ್ಟು ಸುಮ್ಮನಿರುತ್ತಾರೆ. ಬಡವನಹಳ್ಳಿ ಸಂತೆಯಿಂದ ವಾಪಸಾಗುವ ನಮ್ಮ ಬಸ್ಸಿನಲ್ಲಿ, ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳ ಗಂಡನ ಗುಣ ಗೊತ್ತಾಗಿರುತ್ತದೆ. ಇಲ್ಲಿ ಮೂರು ದಿನ ಒಂದೇ ಟ್ರಾಮಿನಲ್ಲಿ ಎದುರು ಕೂತ ಹೆಂಗಸಿನ ಬಗ್ಗೆ ನನಗೆ ಗೊತ್ತಾದದ್ದು, ಆಕೆಯ ನಾಯಿಗೆ ಎಡಗಿವಿ ತುರಿಸುತ್ತದೆ ಎನ್ನುವುದೊಂದೇ.

ಅಂಗಡಿಯಲ್ಲಿ ಮಾತ್ರ ಒಳಗೆ ಕಾಲಿಟ್ಟೊಡನೆ ಎಲ್ಲರೂ ದೇವರ ಹೆಸರಿನಲ್ಲಿ ನಮಸ್ಕಾರ ಹೇಳುತ್ತಾರೆ. ಈ ದೇವರನ್ನು ನೀವು ನಂಬುತ್ತೀರಾ ಎಂದು ಬ್ರೆಡ್ ಮಾರುವ ಹುಡುಗಿಯನ್ನು ಕೇಳಿದೆ. ಇಲ್ಲ, ಅಭ್ಯಾಸ ಅಂದಳು. ನಮ್ಮ ಮನೆಯ ಕುಂಕುಮಕ್ಕೆ ಆ ತಪಾಸಣೆಯವನ ಹತ್ತಿರ ಇದೇ ಉತ್ತರ ಕೊಡಬಹುದಾಗಿತ್ತು. ಒಳ್ಳೆಯ ಉತ್ತರಗಳು ಯಾವಾಗಲೂ ಸ್ಪರ್ಧೆ ಮುಗಿದ ಮೇಲೆ ಹೊಳೆಯುತ್ತವೆ.

ಹರಾಜಿನ ಮನೆ, ನೋಡುವ ದಿನ

ಹರಾಜಿಗೆ ಮುಂಚೆ ಸಾಮಾನುಗಳನ್ನು ಎಲ್ಲರೂ ನೋಡಲಿ ಎಂದು ಒಂದು ದಿನ ಬಿಟ್ಟಿರುತ್ತಾರೆ. ಅದೇ ದಿನ, ಮುಂದಿನ ಹರಾಜಿಗೆ ಹಾಕಬೇಕೆನ್ನುವವರು ತಮ್ಮ ಸಾಮಾನು ತೋರಿಸಬಹುದು. ನನ್ನದನ್ನು ನೋಡಿದವರು ಗ್ರೂಬರ್ ಎನ್ನುವ ಹಿರಿಯರು. ತೆಳ್ಳಗೆ, ಎತ್ತರಕ್ಕೆ, ಕೋಟಿನ ಜೇಬಿನಲ್ಲಿ ನಾಲ್ಕಾರು ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದರು.

ಮೊದಲು ಅವರು ಕ್ಯಾಮೆರಾವನ್ನು ಮೂಸಿದರು.

"ಬೂಷ್ಟಿನ ವಾಸನೆ ಇಲ್ಲ. ನಿಮ್ಮ ಊರು ಒಣ ಹವೆಯದೇ?"

ಹೌದು ಅಂದೆ. ಲೆನ್ಸಿನ ಒಳಗೆ ಬೂಷ್ಟು ಬೆಳೆದರೆ ಬೆಲೆ ಬಿದ್ದುಹೋಗುತ್ತದಂತೆ. ಪಾವಗಡದ ಕಡೆಯ ಒಣ ಹವೆಯನ್ನು ಒಬ್ಬ ಮನುಷ್ಯ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಲೆನ್ಸ್ ಬಿಚ್ಚಿದರು. ಇಂಥ ಜರ್ಮನ್ ಕ್ಯಾಮೆರಾಗಳನ್ನು ನೋಡಿ ರಷ್ಯದಲ್ಲಿ ಅದೇ ಆಕಾರದವನ್ನು ಮಾಡಿದರು. ಅವುಗಳ ಮೇಲೆ ಜರ್ಮನ್ ಹೆಸರು ಕೆತ್ತಿ ಮಾರುವವರು ಇವತ್ತಿಗೂ ಇದ್ದಾರೆ. ಗುರುತಿಸುವ ದಾರಿ ಒಳಗಿದೆ ಎಂದು ಗ್ರೂಬರ್ ತೋರಿಸಿದರು. ಲೆನ್ಸಿನ ಹಿಂಬದಿಯನ್ನು ಮುಟ್ಟುವ ಸಣ್ಣ ಕಡ್ಡಿಯ ತುದಿಯಲ್ಲಿ ದುಂಡಗಿನ ಪುಟ್ಟ ಗಾಲಿ ಇದ್ದರೆ ಜರ್ಮನ್, ನಾಲಿಗೆಯ ಹಾಗೆ ಮೊನೆ ಇದ್ದರೆ ನಕಲು. ನಿಜ ಹೇಳಬೇಕೆಂದರೆ ನಾನು ನಾಲಿಗೆಯನ್ನೇ ನಿರೀಕ್ಷಿಸಿದ್ದೆ. ನಕಲಾಗಿದ್ದರೆ ಮನೆಯ ಜಗಳ ಅಲ್ಲಿಗೇ ಮುಗಿಯುತ್ತಿತ್ತು, ನನಗೂ ಒಂದು ಮೂಢನಂಬಿಕೆ ಬಯಲು ಮಾಡಿದ ಪುಣ್ಯ ಬರುತ್ತಿತ್ತು.

ಗಾಲಿ ಇತ್ತು. ನಂಬರನ್ನು ಅವರು ಪುಸ್ತಕದಲ್ಲಿ ಹುಡುಕಿದರು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಈ ಸಾಲಿನಲ್ಲಿ ತಯಾರಾದದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ ಅಂದರು. ಆಮೇಲೆ ಭೂತಗನ್ನಡಿ ಹಿಡಿದು ಮೇಲಿನ ತಗಡಿಗೆ ಬಂದರು. ಹುಬ್ಬು ಇಳಿಯಿತು.

"ಇಲ್ಲಿ ಗೀರುಗಳಿವೆ."

"ಗೀರಲ್ಲ, ಅಕ್ಷರ."

"ಯಾವ ಭಾಷೆ?"

"ಕನ್ನಡ. 'ವಳ್ಳೂರು ಸಾಕಮ್ಮ' ಅಂತ ಇದೆ."

"ಹಾಗೆಂದರೆ?"

"ಹಾಗೆಂದರೆ ವಳ್ಳೂರಿನ ಸಾಕಮ್ಮ."

ಅವರು ತಲೆಯಾಡಿಸಿ ಕಾಗದದಲ್ಲಿ ಬರೆದುಕೊಂಡರು. ನಾನು ಬಗ್ಗಿ ನೋಡಿದೆ. ಇಂಗ್ಲಿಷಿನಲ್ಲಿ 'ಗೀರುಗಳು' ಎಂದೇ ಬರೆದಿದ್ದರು.

ಇಲ್ಲಿಂದ ಮುಂದೆ ನನ್ನ ಕೆಟ್ಟ ಅಭ್ಯಾಸ ಶುರುವಾಯಿತು. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇದೇ ಜಾತಿಯ ಕ್ಯಾಮೆರಾವೊಂದು ದೀಪ ಹಾಕಿಸಿಕೊಂಡು ಕೂತಿತ್ತು. ಅದರ ತಗಡಿನ ಮೇಲೂ ಕೆತ್ತನೆ ಇತ್ತು, ಹಿಂದೊಮ್ಮೆ ಯಾವುದೋ ನೌಕಾಪಡೆಯ ಸ್ವತ್ತಾಗಿತ್ತು ಎಂಬ ಗುರುತು.

"ಅದರ ಕೆತ್ತನೆಯಿಂದ ಬೆಲೆ ಏರುತ್ತದೋ ಇಳಿಯುತ್ತದೋ?"

"ಏರುತ್ತದೆ. ಬಹಳವಾಗಿ."

"ಯಾಕೆ?"

"ಅದು ಚರಿತ್ರೆ."

"ನೌಕಾಪಡೆ ಹಾಕಿಸಿದರೆ ಚರಿತ್ರೆ, ಸಾಕಮ್ಮನ ಅಪ್ಪ ಹಾಕಿಸಿದರೆ ಗೀರು. ಎರಡೂ ಕಡೆ ನಡೆದದ್ದು ಒಂದೇ. ಇದು ನಮ್ಮದು ಎಂದು ಮಾಲೀಕರು ಬರೆಸಿದರು. ವ್ಯತ್ಯಾಸ ಏನು, ಹಡಗೇ?"

ಗ್ರೂಬರ್ ಸ್ಕ್ರೂಡ್ರೈವರ್ ಜೇಬಿಗಿಟ್ಟು ನನ್ನನ್ನು ಸರಿಯಾಗಿ ನೋಡಿದರು.

"ಅಮ್ಮಾ, ನಾನು ಬೆಲೆ ಕಟ್ಟುವವನಲ್ಲ. ಕೊಳ್ಳುವವನು ಎಷ್ಟು ಕೊಡಬಹುದು ಎಂದು ಊಹಿಸುವವನು. ನೀವು ನನ್ನನ್ನು ಸೋಲಿಸಬಹುದು. ಆದರೆ ಕೊಳ್ಳುವವನು ಈ ಕೋಣೆಯಲ್ಲಿಲ್ಲ."

ಒಳ್ಳೆಯ ಪ್ರತಿವಾದ. ನನ್ನ ಸ್ಪರ್ಧೆಯ ಹುಡುಗರಲ್ಲಿ ಯಾರಾದರೂ ಹೇಳಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಅವರು ದಾರಿಗಳನ್ನು ಹೇಳಿದರು. ಇದ್ದಂತೆಯೇ ಹಾಕಿದರೆ ಸಾಧಾರಣ ಬೆಲೆ. ಅವರ ಕೆಲಸಗಾರರು ಆ ಚುಕ್ಕೆಗಳನ್ನು ತುಂಬಿಸಿ, ತಗಡಿಗೆ ಹೊಸದಾಗಿ ಕ್ರೋಮ್ ಹಾಕಿ, ಕಂಪನಿಯ ಹೆಸರು ಮತ್ತು ನಂಬರನ್ನು ಮಾತ್ರ ಉಳಿಸಿ ಕೊಡಬಲ್ಲರು. ದುರಸ್ತಿಯಾಗಿದೆ ಎಂದು ಕ್ಯಾಟಲಾಗಿನಲ್ಲಿ ಹೇಳಲೇಬೇಕು, ಆದರೂ ಗೀರಿಗಿಂತ ಮೇಲು. ಆಮೇಲೆ, ಏನೋ ನೆನಪಾದವರಂತೆ ಕೇಳಿದರು: "ಈ ಸಾಕಮ್ಮ ಫೋಟೊಗ್ರಾಫರ್ ಆಗಿದ್ದರೇ? ಆ ಕಾಲದ ಭಾರತದ ಹಳ್ಳಿಯಲ್ಲಿ ಹೆಣ್ಣು ಫೋಟೊಗ್ರಾಫರ್ ಎಂದರೆ ಕೆಲವರಿಗೆ ಆಸಕ್ತಿ ಬಂದೀತು. ಆಗ ಇದು ಗೀರಾಗಿ ಉಳಿಯುವುದಿಲ್ಲ."

ಯೋಚಿಸಿ ಹೇಳುತ್ತೇನೆ ಅಂದೆ.

ಹರಾಜಿನ ಮನೆ, ಕೂಗುವ ದಿನ

ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದು ಬಾಗಿಲಲ್ಲೇ ಹೇಳಿದ್ದರು. ಕೈಬೀಸಿ ಮಾತಾಡುವವಳಿಗೆ ಅದು ಶಿಕ್ಷೆ. ಹರಾಜು ಕೂಗಿದ್ದು ಒಬ್ಬ ಹೆಂಗಸು, ಅದೂ ಕೂಗಲಿಲ್ಲ. ಪಾಠ ಓದುವ ಟೀಚರಿನ ದನಿಯಲ್ಲಿ ಸಂಖ್ಯೆ ಏರಿಸುತ್ತಾ ಹೋದರು.

ಶಿರಾ ಕಡೆಯ ಕುರಿ ಸಂತೆಯಲ್ಲಿ ವ್ಯಾಪಾರ ನಡೆಯುವುದು ಟವೆಲ್ಲಿನ ಕೆಳಗೆ. ಮಾರುವವನು, ಕೊಳ್ಳುವವನು ಬೆರಳು ಬೆರಳು ಹಿಡಿದುಕೊಳ್ಳುತ್ತಾರೆ, ಮೇಲೆ ಟವೆಲ್ ಮುಚ್ಚಿರುತ್ತದೆ. ಎಷ್ಟಕ್ಕೆ ಮುಗಿಯಿತು ಎನ್ನುವುದು ಮೂರನೆಯವನಿಗೆ ತಿಳಿಯದು. ಆದರೆ ಕೊಂಡವನು ಯಾರು, ಅವನ ಊರು ಯಾವುದು, ಅವನ ಭಾವಮೈದುನ ಯಾರು ಎಂದು ಸಂತೆಗೆಲ್ಲ ಗೊತ್ತು. ವಿಯೆನ್ನಾದಲ್ಲಿ ಎಲ್ಲರ ಕೈಯಲ್ಲೂ ನಂಬರಿನ ಹಲಗೆ. ಬೆಲೆ ಗೋಡೆಯ ಪರದೆಯ ಮೇಲೆ ದೊಡ್ಡದಾಗಿ ಹೊಳೆಯುತ್ತದೆ, ಕೊಂಡವರ ಹೆಸರು ಯಾರಿಗೂ ಇಲ್ಲ. ನಮ್ಮಲ್ಲಿ ಬೆಲೆ ಗುಟ್ಟು, ಮನುಷ್ಯ ಬಯಲು. ಅಲ್ಲಿ ಬೆಲೆ ಬಯಲು, ಮನುಷ್ಯ ಗುಟ್ಟು. ಯಾವುದು ಹೆಚ್ಚು ಪ್ರಾಮಾಣಿಕ ಎಂಬ ಬಗ್ಗೆ ಎರಡೂ ಪಕ್ಷದಲ್ಲಿ ವಾದಿಸಬಹುದು.

ಕಪ್ಪು ಬಣ್ಣದ ಕ್ಯಾಮೆರಾವೊಂದು ಬಂತು. ಯಾರೋ ಜೀವಮಾನವಿಡೀ ಹಿಡಿದು ಬಣ್ಣ ಸವೆದು, ಅಂಚಿನಲ್ಲೆಲ್ಲ ಹಿತ್ತಾಳೆ ಕಾಣುತ್ತಿತ್ತು. ಆ ಸವಕಲಿಗೇ ಬೆಲೆ ಹೆಚ್ಚು ಎಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದರು. ಕೈ ಉಜ್ಜಿ ಸವೆಸಿದರೆ ಲಾಭ, ಕೈಯಿಂದ ಬರೆಸಿದರೆ ನಷ್ಟ. ಆಮೇಲೆ ಜಜ್ಜಿಹೋದ ಒಂದು ಬಂತು, ಲೆನ್ಸೂ ಇರಲಿಲ್ಲ. ಪತ್ರಕರ್ತನೊಬ್ಬ ಅದನ್ನು ಹಿಡಿದುಕೊಂಡು ಯುದ್ಧದ ನಡುವೆ ಓಡಿದ್ದ ಎನ್ನುವುದಕ್ಕೆ ಸಾಕ್ಷಿ ಇತ್ತು. ಒಳ್ಳೆಯ ಸ್ಥಿತಿಯಲ್ಲಿದ್ದವುಗಳನ್ನೆಲ್ಲ ಅದು ಹಿಂದೆ ಹಾಕಿತು. ಚಪ್ಪಾಳೆ ಬಿತ್ತು. ನೌಕಾಪಡೆಯದೂ ಗ್ರೂಬರ್ ಹೇಳಿದಂತೆಯೇ ಏರಿತು. ಆ ಕೋಣೆಯಲ್ಲಿ ಫೋಟೊ ತೆಗೆಯುವ ಆಸೆಯಿಂದ ಕ್ಯಾಮೆರಾ ಕೊಂಡವರು ಒಬ್ಬರಾದರೂ ಇದ್ದಿದ್ದರೆ ನನಗೆ ಆಶ್ಚರ್ಯ. ಅವರು ಕೊಳ್ಳುತ್ತಿದ್ದದ್ದು ಕಥೆ. ಕಥೆಗೆ ಸಾಕ್ಷಿ ಇರಬೇಕು, ಅಷ್ಟೇ.

ಹೊರಗೆ ಬಂದು ಕಾಫಿ ಅಂಗಡಿಯಲ್ಲಿ ಕೂತೆ. ಒಂದು ಕಪ್ ಕಾಫಿಗೆ ಒಂದು ಲೋಟ ನೀರು, ಲೋಟದ ಮೇಲೆ ಬೋರಲು ಚಮಚ, ಎಲ್ಲ ಒಂದು ಬೆಳ್ಳಿಯ ತಟ್ಟೆಯಲ್ಲಿ. ಎದ್ದು ಹೋಗು ಎಂದು ಯಾರೂ ಹೇಳುವುದಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ, ಸಾಕಮ್ಮ ಫೋಟೊಗ್ರಾಫರ್ ಆಗಿದ್ದರೇ ಎಂದು ಗ್ರೂಬರ್ ಕೇಳಿದ್ದನ್ನು ಹೇಳಿದೆ.

"ಹೂಂ ಅಂದ್ಬುಡು," ಅಂದರು ಚಿಕ್ಕಪ್ಪ, ಯೋಚನೆ ಕೂಡ ಮಾಡದೆ.

"ಸುಳ್ಳಲ್ವಾ ಚಿಕ್ಕಪ್ಪ?"

"ಯಾರು ಬಂದು ನೋಡ್ತಾರೆ ಇಲ್ಲಿ? ನೀನು ಸ್ಟೇಜ್ ಮೇಲೆ ನಂಬ್ದೇ ಇರೋದ್ನೆಲ್ಲ ವಾದ ಮಾಡಿ ಕಪ್ ತಂದಿಲ್ವಾ? ಇದೂ ಅಂಗೇ ಅಂದ್ಕೊ."

ಅದೂ ಒಳ್ಳೆಯ ವಾದವೇ. ಕೊಟ್ಟ ಪಕ್ಷದಲ್ಲಿ ನಿಂತು ಮಾತಾಡುವುದು ನನ್ನ ಕಸುಬು. ಸ್ತ್ರೀ ಫೋಟೊಗ್ರಾಫರ್ ಸಾಕಮ್ಮನ ಜೀವನಚರಿತ್ರೆಯನ್ನು ಕಾಫಿ ಆರುವುದರೊಳಗೆ ಮನಸ್ಸಿನಲ್ಲಿ ಬರೆದೂ ಮುಗಿಸಿದ್ದೆ. ಗಂಡಸರ ಎದುರು ಫೋಟೊಗೆ ನಿಲ್ಲಲು ನಾಚುವ ಹೆಂಗಸರು, ಅವರ ಹಟ್ಟಿಗಳಿಗೆ ಕ್ಯಾಮೆರಾ ಹೆಗಲಿಗೇರಿಸಿ ಹೋಗುವ ಸಾಕಮ್ಮ. ಕೇಳಿದವರ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು. ಅದೇ ಅನುಮಾನಕ್ಕೆ ಕಾರಣವಾಯಿತು. ಸಾಕ್ಷಿ ಕೇಳಿಯೇ ಬದುಕುವವಳು ನಾನು. ಈ ಕಥೆಗೆ ನಾನೊಬ್ಬಳೇ ಸಾಕ್ಷಿ, ನಾನು ನೋಡಿರಲಿಲ್ಲ.

ಗ್ರೂಬರ್ ಅವರ ಮೇಜು

ಮಾರನೆಯ ದಿನ ಗ್ರೂಬರ್ ಅವರ ಮುಂದೆ ಕೂತು, ಸಾಕಮ್ಮ ಫೋಟೊಗ್ರಾಫರ್ ಅಲ್ಲ, ಫೋಟೊಗ್ರಾಫರಿನ ಹೆಂಡತಿ ಎಂದು ಹೇಳಿದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಹಾಗಾದರೆ ಅಳಿಸಿ ಕ್ರೋಮ್ ಹಾಕಿಸುವುದೇ ಸರಿ ಅಂದರು. ಆಮೇಲೆ ಪೆನ್ನು ಎತ್ತಿಕೊಂಡು ವಾಡಿಕೆಯ ಪ್ರಶ್ನೆಗೆ ಬಂದರು.

"ಮಾಲೀಕರು ನೀವೇ ತಾನೆ?"

"ಅಲ್ಲ. ನಮ್ಮ ಅಜ್ಜಿ."

"ಅವರ ಹೆಸರು?"

ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿ ಬೆರಳು ತೋರಿಸಿದೆ.

ಗ್ರೂಬರ್ ಭೂತಗನ್ನಡಿ ತೆಗೆದುಕೊಂಡು, ಓದಲು ಬರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಅಂದರೆ ಅವರು ಬದುಕಿದ್ದಾರೆ," ಅಂದರು. "ಅವರು ಒಪ್ಪಿದ್ದಾರೆಯೇ?"

ಮನೆಯಲ್ಲಿ ಅಷ್ಟೆಲ್ಲ ವಾದವಾಗಿತ್ತು. ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಎಲ್ಲರ ಅಭಿಪ್ರಾಯವೂ ದಾಖಲಾಗಿತ್ತು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಫೋನ್ ಮಾಡುತ್ತೇನೆ ಅಂದೆ. ಅಲ್ಲಿ ಸಂಜೆಯ ಹೊತ್ತು. ಚಿಕ್ಕಪ್ಪ ಮನೆಯಲ್ಲೇ ಇದ್ದರು. ಗೊಣಗುತ್ತಲೇ ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದರು. ಪರದೆ ತುಂಬ ಅಜ್ಜಿಯ ಹಣೆ ಕಂಡಿತು.

"ಅಜ್ಜಿ, ಕ್ಯಾಮ್ರ ಮಾರಕ್ಕೆ ನೀನು ಒಪ್ಪಿದ್ದೀಯಾ ಅಂತ ಇವ್ರು ಕೇಳ್ತಾವ್ರೆ."

"ಅವ್ರು ಕೇಳುದ್ರಾ?" ಅಂದರು ಅಜ್ಜಿ. "ನೀವ್ಯಾರೂ ಕೇಳ್ಲಿಲ್ಲ."

"ಈಗ ಕೇಳ್ತಾ ಇದ್ದೀನಲ್ಲ."

"ನಿಮ್ ತಾತಾನೂ ಒಂದ್ ದಪ ಇಂಗೇ ಮಾಡಿದ್ರು ಕಣಮ್ಮ. ಮೋಟರ್ ಸೈಕಲ್ ಹುಚ್ಚು ಹಿಡೀತು. ನಂಗೇಳ್ದಲೆ ಕ್ಯಾಮ್ರ ಎತ್ಕಂಡು ಸಿರಾಕ್ಕೆ ಹೋದ್ರು, ಅದೇ ಸಾಬ್ರ ಅಂಗ್ಡೀಗೆ. ಸಾಬ್ರು ತಿರುಗ್ಸಿ ನೋಡುದ್ರು, ಹೆಸ್ರು ಕಾಣ್ತು. 'ಯೇ ಸಾಕಮ್ಮ ಕೌನ್?' ಅಂದ್ರಂತೆ. ನನ್ ಹೆಂಡ್ತಿ ಅಂದ್ರಂತೆ ಇವ್ರು. 'ತೋ ಉನ್ಕು ಬುಲಾವ್. ಹೆಣ್ಮಗಳ ಹೆಸ್ರಿರೋ ಸಾಮಾನು ಆಯಮ್ಮ ಬರ್ದಲೆ ನಾವು ಮುಟ್ಟಲ್ಲ' ಅಂದ್ರಂತೆ. ಬಂದ್ರು ವಾಪಸ್ಸು ಬಸ್ನಾಗೆ, ಮೊಖ ಊದಿಸ್ಕಂಡು."

ಹಿಂದಿನಿಂದ ಚಿಕ್ಕಪ್ಪನ ದನಿ: "ಅವ್ವ, ಫಾರಿನ್ ಕಾಲ್ ಅದು, ಪುರಾಣ ಬೇಡ."

"ನೀನ್ ಸುಮ್ಕಿರ್ಲಾ ರಂಗ. ನಿಂಗೂ ಅದೇ ಹುಚ್ಚು, ನಿಂದು ಮೇಲೆ ಹಾರ್ತೈತೆ ಅಷ್ಟೇಯ." ಆಮೇಲೆ ನನ್ನ ಕಡೆಗೆ: "ನಮ್ನಾಯ್ನ, ನಮ್ಮಪ್ಪ, ಹೆಸ್ರು ಹಾಕ್ಸಿದ್ದು ಚೆಂದಕ್ಕಲ್ಲ ಕಣಮ್ಮ. ಕಿವೀಗೆ ಕಚ್ಚು ಹಾಕಿರೋ ಕುರೀನ ಸಂತೇಲಿ ಯಾರಾನ ಕೊಳ್ತಾರಾ? ಯಾರ ಹಿಂಡಿಂದು ಅಂತ ಕೇಳ್ತಾರೆ. ಅದಕ್ಕೇಯ. ನಿಮ್ ತಾತಂಗೆ ಮಾರಕ್ಕಾಗ್ಬಾರ್ದು ಅಂತ್ಲೇ ಹಾಕ್ಸಿದ್ದು."

ಎರಡು ದಿನದಿಂದ ನಾನು ತಪ್ಪು ಪಕ್ಷದಲ್ಲಿ ನಿಂತು ವಾದಿಸಿದ್ದೆ. ಆ ಹೆಸರಿನಿಂದ ಬೆಲೆ ಏರಬೇಕು ಎನ್ನುವುದು ನನ್ನ ಪಟ್ಟು. ಹಾಕಿಸಿದವರ ಉದ್ದೇಶವೇ ಬೆಲೆ ಇಳಿಸುವುದಾಗಿತ್ತು. ಗ್ರೂಬರ್ ಬೆಲೆ ಕಡಿತ ಮಾಡಿದ್ದರಲ್ಲ, ಅದು ಅಜ್ಞಾನದಿಂದಲ್ಲ. ಓದಲು ಬರದಿದ್ದರೂ ಆ ಚುಕ್ಕೆಗಳು ಹೇಳಿದ್ದನ್ನು ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ಎಲ್ಲವನ್ನೂ ಗ್ರೂಬರ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಹೆಸರನ್ನು ಅಳಿಸಿ ಮಾರುವ ದಾರಿಯೂ ಇದೆ, ಅದನ್ನೂ ಅಜ್ಜಿಗೆ ತಿಳಿಸಬೇಕಾದದ್ದು ನ್ಯಾಯ ಅಂದರು. ತಿಳಿಸಿದೆ.

ಅಜ್ಜಿಗೆ ಸಿಟ್ಟು ಬಂದರೆ ವಳ್ಳೂರಿನ ತೆಲುಗು ಬರುತ್ತದೆ. "ಅದಿ ನಾದಿ," ಅಂದರು. ಅದು ನನ್ನದು. ಆಮೇಲೆ ಸ್ವಲ್ಪ ಯೋಚಿಸಿ, ಕನ್ನಡಕ್ಕೆ ಬಂದು, ಚೌಕಾಸಿಯ ದನಿಯಲ್ಲಿ ಹೇಳಿದರು: "ಅಳಿಸೋದ್ಯಾಕೆ? ಪಾಪ, ರಂಗನಿಗೂ ಬೇಕು ಅಂತಾನೆ. ಆ ಹೆಸ್ರಿರೋ ತಗಡ್ನ ಬಿಚ್ಚಿ ನಂಗೆ ಕಳಿಸ್ಲಿ. ಮಿಕ್ಕಿದ್ದು ಅವ್ರೇ ಇಟ್ಕಂಡು ದುಡ್ಡು ಕೊಡ್ಲಿ."

ಇದನ್ನು ಹೇಳಿದಾಗ ಮಾತ್ರ ಗ್ರೂಬರ್ ನಕ್ಕರು. ತಗಡಿನ ಮೇಲೆ ಬೆರಳಾಡಿಸಿ ತೋರಿಸಿದರು. ನಂಬರ್ ಇದ್ದದ್ದೂ ಅದೇ ತಗಡಿನ ಮೇಲೆ. ಅದನ್ನು ಬಿಚ್ಚಿದರೆ ಉಳಿಯುವುದು ಹಳೆಯ ಗಾಲಿ, ಹಳೆಯ ಗಾಜು. ನಂಬರ್ ಇಲ್ಲದ್ದನ್ನು ಅವರ ಕೊಳ್ಳುವವರು ಮುಟ್ಟುವುದಿಲ್ಲ, ಹೆಸರಿಲ್ಲದ್ದನ್ನು ಅಜ್ಜಿ ತನ್ನದೆನ್ನುವುದಿಲ್ಲ. ಎರಡೂ ಬೆರಳಗಲದ ಜಾಗದಲ್ಲಿ ಅಂಟಿಕೊಂಡು ಕೂತಿದ್ದವು.

"ಹಂಗಾರೆ ಎತ್ಕಂಡು ಬಾ," ಅಂದರು ಅಜ್ಜಿ. ಪರದೆಯಲ್ಲಿ ಹಣೆ ಹೋಗಿ ಚಿಕ್ಕಪ್ಪನ ಮುಖ ಬಂತು. ಫೋನ್ ಇಟ್ಟರು.

ಗ್ರೂಬರ್ ತಮ್ಮ ಕಾಗದದಲ್ಲಿ 'ಗೀರುಗಳು' ಎಂದಿದ್ದನ್ನು ಹೊಡೆದುಹಾಕಿ 'ಮಾಲೀಕರ ಗುರುತು' ಎಂದು ಬರೆದರು. ಮಾರದ ವಸ್ತುವಿನ ಕಾಗದವನ್ನು ತಿದ್ದುವ ಅಗತ್ಯವೇನಿತ್ತೋ ತಿಳಿಯದು. ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಲ್ಲುವ ಊರಿನವರು.

ಮಧುಗಿರಿ, ಪಾತ್ರೆ ಅಂಗಡಿ

ಕ್ಯಾಮೆರಾ ಕೈಗೆ ಬಂದ ಮೇಲೆ ಅಜ್ಜಿ ಅದನ್ನು ಟ್ರಂಕಿಗೆ ಇಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು, ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕೂತು ಪೇಟೆಗೆ ಹೊರಟರು. ನನಗೂ ಬಾ ಅಂದಿದ್ದರು, ನಡೆದು ಹೋದೆ. ಹೋಗಿ ನೋಡಿದರೆ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಅಂಗಡಿಯವನು ಹೆಸರು ಹಾಕುವ ಮೆಷಿನ್ನಿನ ವೈರು ಬಿಡಿಸುತ್ತಿದ್ದಾನೆ.

"ಏನಿದು ಅಜ್ಜಿ?"

"ನಾನ್ ಹೋದ್ಮೇಲೆ ಈ ರಂಗ ಮಾರ್ಬುಡ್ತಾನೆ. ನಿನ್ನೆಸ್ರು ಹಾಕುಸ್ತೀನಿ."

ನಾನು ಗ್ರೂಬರ್ ಹೇಳಿದ್ದನ್ನೆಲ್ಲ ಹೇಳಿದೆ. ಇನ್ನೊಂದು ಹೆಸರು ಬಿದ್ದರೆ ಇರುವ ಸಾಧಾರಣ ಬೆಲೆಯೂ ಉಳಿಯುವುದಿಲ್ಲ, ಅದು ಅಪರೂಪದ ಸಾಲಿನದು, ಜಗತ್ತಿನಲ್ಲಿ ಉಳಿದದ್ದೇ ಕಡಿಮೆ ಅಂದೆ. ಅಜ್ಜಿ ಕೇಳಿಸಿಕೊಂಡರು.

"ಅದನ್ನೇ ನಾನೂ ಹೇಳ್ತಿರೋದು," ಅಂದರು.

ಚಿಕ್ಕಪ್ಪ ಸ್ಕೂಟರಿನ ಮೇಲೇ ಕೂತಿದ್ದರು. ಡ್ರೋನಿರುವ ಶಿರಾದ ಹುಡುಗನೊಬ್ಬನನ್ನು ಮದುವೆಗಳಿಗೆ ಬಾಡಿಗೆಗೆ ಕರೆಯುವುದೆಂದು ಮಾತಾಗಿತ್ತು. ಆದರೂ ಮುಖ ಗಂಟಿಕ್ಕಿತ್ತು. "ನಂಗೂ ಒಂದ್ ಡ್ರೋನ್ ಕೊಡ್ಸವ್ವ," ಅಂದರು. "ಅದ್ರು ಮೇಲೂ ನಿನ್ನೆಸ್ರೇ ಬರ್ಸಾನ."

"ನೀನ್ ತತ್ತಾ. ಬರ್ಸೋದು ನಂಗೆ ಬುಡು."

ಅಂಗಡಿಯವನು ಕ್ಯಾಮೆರಾ ತಿರುಗಿಸಿ ತಿರುಗಿಸಿ ಜಾಗ ಹುಡುಕಿದ. ಸಾಕಮ್ಮನ ಕೆಳಗೆ ಒಂದಿಷ್ಟೇ ಖಾಲಿ ಇತ್ತು.

"ಏನಂತ ಬರೀಲವ್ವ?"

"ಸಹನ ಅಂತ."

"ಸಹನಾ," ಅಂದೆ ನಾನು. "ಕೊನೆಗೆ ದೀರ್ಘ ಇದೆ."

"ದೀರ್ಘ ಹಿಡ್ಸಲ್ಲಕ್ಕ," ಅಂದ ಅಂಗಡಿಯವನು. "ಹಾಕುದ್ರೆ ನಂಬರ್ ಮೇಲೆ ಬೀಳ್ತದೆ."

ನಂಬರ್ ಮೇಲೆ ಬೀಳಬಾರದು ಎನ್ನುವುದಕ್ಕೆ ನನ್ನಲ್ಲಿ ಸಕಾರಣಗಳಿದ್ದವು. ದೀರ್ಘ ಬಿಡಬಾರದು ಎನ್ನುವುದಕ್ಕೂ ಇದ್ದವು. ಅಷ್ಟರಲ್ಲಿ ಮೆಷಿನ್ನು ಕಿರ್ರ್ ಎಂದಿತು. ಜರ್ಮನ್ ಕ್ರೋಮಿನ ಸಣ್ಣ ಪುಡಿ ತಗಡಿನ ಮೇಲೆ ಎದ್ದು ಕೂತಿತು. ಅಜ್ಜಿ ಕ್ಯಾಮೆರಾವನ್ನು ಈಸಿಕೊಂಡು, ಉಫ್ ಎಂದು ಊದಿ, ಸೆರಗಿನಲ್ಲಿ ಒರೆಸಿ, ಸ್ಕೂಟರಿನ ಮೇಲಿದ್ದ ಮಗನಿಗೆ ಕಾಣುವ ಹಾಗೆ ಎತ್ತಿ ಹಿಡಿದರು.

"ಈಗ ಮಾರ್ಲಾ ನೋಡಾನ."